ಬಾಯಾರಿದ ಜೋಳ

ನೀರಿಲ್ಲದಾಗ ಬೆಳೆಯನ್ನು ಉಳಿಸುವ ಜೀನ್ ಯಾವುದು ಎಂದು ಹುಡುಕುವುದು ನನ್ನ ಕೆಲಸ. ಗಂಭೀರ ಕೆಲಸವೇ. ಆದರೆ ಬೀದರ ಸೀಮೆಯಲ್ಲಿ ಒಂದು ವಾರ ಪೂರ್ತಿ ಮುಖ ಬಿಗಿದುಕೊಂಡು ಅದನ್ನು ಮಾಡಲು ಜನ ಬಿಡುವುದಿಲ್ಲ.

೧. ಜೀನ

ಭಾಲ್ಕಿಯಲ್ಲಿ ರೈತರ ಸಭೆ. "ಕೆಲವು ಜೋಳ ಬಿಸಿಲಿಗೆ ಎಲೆಯ ರಂಧ್ರ ಮುಚ್ಚಿಕೊಂಡು ಒಳಗಿನ ತೇವ ಕಾಯ್ದುಕೊಳ್ಳುತ್ತವೆ. ಅದಕ್ಕೆ ಜೀನ್ ಕಾರಣ," ಎಂದೆ. ನಮ್ಮ ಕಡೆ ಜೀನ ಎಂದರೆ ಕಂಜೂಸ, ಜಿಪುಣ. ಮುಂದೆ ಕೂತಿದ್ದ ಹಿರಿಯರು ತಲೆಯಾಡಿಸಿದರು.

"ಖರೆ ಅದರಿ. ಜೀನ ಇದ್ದಂವನೇ ಬ್ಯಾಸಿಗಿ ದಾಟ್ತಾನ."

ಸಭೆಗೆ ಅಷ್ಟು ಸಾಕಾಯಿತು. ಪರದೆಯ ಮೇಲೆ ತೋರಿಸಲು ನನ್ನ ಬಳಿ ಇನ್ನೂ ನಲವತ್ತು ಚಿತ್ರ ಉಳಿದಿದ್ದವು.

೨. ಎಲ್ಲಿಂದ ಬಂತು

ಔರಾದ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಒಬ್ಬ ಅಜ್ಜಿ ಹಳೆಯ ಜೋಳದ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಕಾಯ್ದಿಟ್ಟಿದ್ದರು. ಎರಡು ಹಿಡಿ ಕೇಳಿದೆ.

"ಯಾಕವ್ವ?"

"ಇದರಾಗ ತಡಕೊಳ್ಳೋ ಗುಣ ಅದರಿ. ಅದು ಎಲ್ಲಿಂದ ಬಂತು ನೋಡಬೇಕು."

"ನಮ್ಮ ಅತ್ತಿ ಕಡಿಂದ ಬಂತು," ಅಂದರು ಅಜ್ಜಿ, ಬೀಜ ಅಳೆಯುತ್ತ. "ಆಕಿ ಏನ್ ಬಂದ್ರೂ ತಡಕೊಂಡಾಕಿ. ಆ ಗುಣ ಬೀಜಕ್ಕ ಬಂತು. ಮಗನಿಗಿ ಬರಲಿಲ್ಲ."

ಹೊರಗೆ ಕಟ್ಟೆಯ ಮೇಲಿದ್ದ ಅವರ ಗಂಡ ಆ ಕಡೆ ಮುಖ ತಿರುಗಿಸಿದರು.

೩. ನೀರು

ಆ ಬೀಜವನ್ನೂ ಬೇರೆ ಐದು ತಳಿಗಳನ್ನೂ ನೌಬಾದದ ನಮ್ಮ ಶೆಡ್ಡಿನ ಕುಂಡಗಳಲ್ಲಿ ಬೆಳೆಸಿ, ನೀರು ನಿಲ್ಲಿಸಿದೆವು. ಯಾವುದು ಉಳಿಯುತ್ತದೆ ಎಂಬುದೇ ಪರೀಕ್ಷೆ. ಹನ್ನೆರಡು ದಿನವಾದರೂ ಆರೂ ತಳಿ ಹಸಿರಾಗಿದ್ದವು. ದೊಡ್ಡದೇನೋ ಸಿಕ್ಕಿತೆಂದುಕೊಂಡೆ. ನಮ್ಮ ಹಿರಿಯ ವಿಜ್ಞಾನಿಯನ್ನು ಕರೆತಂದೆ. ಅವರು ಕುಂಡದ ಮಣ್ಣಿಗೆ ಬೆರಳು ಒತ್ತಿದರು. ಹಸಿ.

ಕಾವಲಿನ ಕಾಕಾ ಟೋಪಿ ತೆಗೆದು ಮುಂದೆ ಬಂದರು. ಬಗದಲ್ ಕಡೆಯವರು, ಮೊದಲು ಒಕ್ಕಲುತನ ಮಾಡಿದವರು.

"ನಾನೇ ಹಾಕೀನ್ರಿ. ದಿನಾ ಒಂದೊಂದು ಚರಗಿ ನೀರು."

"ನೀರು ಹಾಕಬ್ಯಾಡ್ರಿ ಅಂತ ಬೋರ್ಡ್ ಅದ. ಓದಿಲ್ಲೇನ್ರಿ, ಕಾಕಾ?" ಅಂದೆ.

"ನಾ ಓದೀನ್ರಿ. ಗಿಡಕ್ಕ ಓದಾಕ ಬರಂಗಿಲ್ಲಲ್ರಿ."

ಮೂರು ತಿಂಗಳ ಕೆಲಸ ಹೋಗಿತ್ತು. ಬೈಯಬೇಕೆಂದುಕೊಂಡೆ, ಆಗಲಿಲ್ಲ. ಯಾಕೆ ಒಣಗಿಸುತ್ತೇವೆ ಎಂದು ಅವರಿಗೆ ಮೊದಲೇ ಹೇಳಬೇಕಾದವಳು ನಾನು. ಅವತ್ತು ಕೂತು ಹೇಳಿದೆ. ಎರಡನೆಯ ಸಲ ಬಿತ್ತಿ ನೀರು ನಿಲ್ಲಿಸಿದಾಗ ಕಾಕಾ ಕುಂಡಗಳಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂತರು. ಒಂದು ಹನಿ ಹಾಕಲಿಲ್ಲ. ನಾಲ್ಕು ತಳಿ ಒಣಗಿ ನೆಲ ಕಚ್ಚಿದವು. ಕುಶನೂರಿನದೂ ಇನ್ನೊಂದೂ ನಿಂತಿದ್ದವು.

ಪರೀಕ್ಷೆ ಮುಗಿದು ನೀರು ಕೊಡುವ ದಿನ ಚರಗಿಯನ್ನು ಕಾಕಾನ ಕೈಗೇ ಕೊಟ್ಟೆ. ಅವರು ಹಸಿರು ಗಿಡ ದಾಟಿ ನೇರವಾಗಿ ಒಣಗಿದ ಕುಂಡಗಳ ಬಳಿ ಹೋದರು.

"ಅವು ಸತ್ತಾವ್ರಿ, ಕಾಕಾ."

ಕಾಕಾ ನೀರು ಹಾಕುತ್ತಲೇ ಇದ್ದರು. "ಸತ್ತಾವೋ, ನಿಮ್ಮ ಮ್ಯಾಲ ಸಿಟ್ಟಾಗ್ಯಾವೋ, ಒಂದು ಮಾತು ಕೇಳಿ ನೋಡೂನ್ರಿ."