ಒಂದು ಡ್ರಮ್ಮಿನ ದಾನಿಗಳು

ಶಾಲೆಯ ಡ್ರಮ್ಮಿಗೆಂದು ಐನೂರು ರೂಪಾಯಿ ಕೊಟ್ಟಿದ್ದ ಜುಂಜಯ್ಯನಿಗೆ ಯಾರೂ ಶಾಲು ಹೊದಿಸಿರಲಿಲ್ಲ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೊಳಲ್ಕೆರೆ ಬಸ್‌ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ಮುಖ ಸಿಂಡರಿಸಿ ತೋರಿಸಿದ, ಅಷ್ಟೇ.

ಪ್ರೌಢಶಾಲೆಯ ಬ್ಯಾಂಡ್ ಪೋಷಕರ ಸಂಘಕ್ಕೆ ಬೆಳಿಗ್ಗೆಯೇ ಸುದ್ದಿ ಮುಟ್ಟಿತು. ಸಂಘದ ಖಜಾಂಚಿ, ಮಿಕ್ಸಿ ರಿಪೇರಿಯ ಪ್ರಭುಲಿಂಗ, ಆಗಷ್ಟೇ ಚಿತ್ರದುರ್ಗಕ್ಕೆ ಹೊರಟಿದ್ದ. ಊರವರಿಂದ ಎತ್ತಿದ ಎಂಟು ಸಾವಿರ ಜೇಬಿನಲ್ಲಿತ್ತು. ಸಂಜೆಯೊಳಗೆ ಡ್ರಮ್ ತರುತ್ತೇನೆಂದು ಮಗಳು ಸಹನಾಗೆ ಮಾತು ಕೊಟ್ಟಿದ್ದ. ಅವಳು ಅಡುಗೆಮನೆಯ ಡಬ್ಬಿಗಳ ಮೇಲೆ ಅಭ್ಯಾಸ ಮಾಡಿ ಮಾಡಿ, ಈಗ ಒಂದರ ಮುಚ್ಚಳವೂ ಸರಿಯಾಗಿ ಕೂರುತ್ತಿರಲಿಲ್ಲ.

ಅಧ್ಯಕ್ಷ ಮುರುಗೇಶಪ್ಪ ಅವನನ್ನು ಬಸ್ಸಿನ ಬಾಗಿಲಲ್ಲೇ ಹಿಡಿದರು. "ಇಳೀರಿ ಪ್ರಭಣ್ಣ. ಮೊದ್ಲು ದಾನಿಗಳಿಗೆ ಮರ್ಯಾದೆ ಆಗ್ಲಿ. ಡ್ರಮ್ ಎಲ್ಲಿಗೆ ಓಡಿ ಹೋಗ್ತೈತೆ?"

ಜುಂಜಯ್ಯನಿಗೊಂದು ಶಾಲು ಎಂದಾಯಿತು. ಉಳಿದ ದಾನಿಗಳೇನು ಪಾಪ ಮಾಡಿದ್ದರು ಎಂದು ಉಪಾಧ್ಯಕ್ಷೆ ಕಮಲಮ್ಮ ಕೇಳಿದರು. ಬರೀ ಶಾಲು ಆದರೆ ಜ್ವರ ಬಂದವರಿಗೆ ಹೊದಿಸಿದಂತೆ ಕಾಣುತ್ತದೆಂದು ಹಾರ ಬಂತು, ಹಾರದ ಹಿಂದೆ ಪೇಟ, ಪೇಟದ ಹಿಂದೆ ಹಣ್ಣಿನ ಬುಟ್ಟಿ. ಮಧ್ಯಾಹ್ನದ ಹೊತ್ತಿಗೆ ಪ್ರಭುಲಿಂಗನ ಜೇಬು ತೊಳೆದಿಟ್ಟ ಲೋಟದಂತಿತ್ತು.

ಇಷ್ಟನ್ನೂ ಮಾರಿದ ಅಂಗಡಿಯ ಗುಡ್ಡಪ್ಪನ ಮನಸ್ಸು ಕರಗಿತು. ಡ್ರಮ್ ತಾನೇ ಕೊಡಿಸುತ್ತೇನೆಂದು ಚಿತ್ರದುರ್ಗಕ್ಕೆ ಫೋನ್ ಮಾಡಿ, ಬಸ್ಸಿಗೆ ಹಾಕಿಸಿದ. ಪ್ರಭುಲಿಂಗನ ಕಣ್ಣು ತುಂಬಿತು. ಮುರುಗೇಶಪ್ಪನವರ ತಲೆ ಓಡಿತು.

"ಐನೂರು ಕೊಟ್ಟೋರಿಗೆ ಪೇಟ ಕಟ್ಟಿದೀವಿ. ಡ್ರಮ್ಮೇ ಕೊಟ್ಟೋರಿಗೆ ಮೆರವಣಿಗೆ ಇಲ್ಲಂದ್ರೆ ಹೆಂಗ್ರಿ?"

"ನಮ್ಮ ಸಹನಾನೇ ಬಾರಿಸ್ತಾಳೆ ಬಿಡ್ರಿ," ಎಂದ ಪ್ರಭುಲಿಂಗ.

"ಒಂಟಿ ಡ್ರಮ್ ಬಾರಿಸ್ಕೊಂಡು ಹೋದ್ರೆ ನೀರಿನ ಕಂದಾಯಕ್ಕೆ ಡಂಗುರ ಹೊಡ್ದಂಗೆ ಇರ್ತೈತೆ ಕಣಪ್ಪ," ಎಂದರು ಕಮಲಮ್ಮ.

ಮದುವೆ ಬ್ಯಾಂಡಿನ ಹನುಮೇಶ್ ಬಂದ. ಗುಡ್ಡಪ್ಪ ಟ್ರ್ಯಾಕ್ಟರಿನಲ್ಲಿ ಕೂತು, ಹೊಸ ಡ್ರಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಊರು ಸುತ್ತಿದ. ಸಹನಾ ಡ್ರಮ್ಮಿನಿಂದ ಕಣ್ಣು ಕೀಳದೆ ಪಕ್ಕದಲ್ಲೇ ನಡೆದಳು.

ಶಾಲೆಯ ಗೇಟಿನ ಬಳಿ ಹನುಮೇಶ್ ತನ್ನ ಬಾಡಿಗೆ ಒಂಬತ್ತು ಸಾವಿರ ಎಂದ. ಅಧ್ಯಕ್ಷರು ಖಜಾಂಚಿಯನ್ನು ನೋಡಿದರು. ಖಜಾಂಚಿ ನೆಲ ನೋಡಿದ. ಹನುಮೇಶ್ ಡ್ರಮ್ ನೋಡಿದ. ಬೆರಳಲ್ಲಿ ತಟ್ಟಿ, ಬಾಡಿಗೆ ಬದಲು ಎಂಟು ಸಾವಿರಕ್ಕೆ ಇದನ್ನೇ ಹಿಡಿದುಕೊಳ್ಳುತ್ತೇನೆ, ಶಾಲೆ ಮಕ್ಕಳಲ್ಲವೇ, ಸಾವಿರ ಬಿಟ್ಟೆ ಎಂದು ತನ್ನ ಟೆಂಪೋಗೆ ಏರಿಸಿದ. ಗುಡ್ಡಪ್ಪ ಅತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದ.

ಸಹನಾ ಅಪ್ಪನ ಅಂಗಿ ಜಗ್ಗಿದಳು. ಪ್ರಭುಲಿಂಗ ಓಡಿಹೋಗಿ, ಹೊರಟ ಟೆಂಪೋಗೆ ಅಡ್ಡ ನಿಂತ. ಹಿಂದೆಯೇ ಮುರುಗೇಶಪ್ಪನವರೂ ಓಡಿಬಂದು ಅವನ ತೋಳು ಹಿಡಿದರು.

"ನಿಲ್ಸಿದ್ರಾ? ಒಳ್ಳೇದಾತು. ಪಾಪ, ಸಾವಿರ ಬಿಟ್ಟವ್ರೆ, ಹಂಗೇ ಕಳ್ಸಾಕಾಗ್ತೈತಾ? ಗುಡ್ಡಪ್ಪನ ಅಂಗಡೀಲಿ ನಿಮ್ಮ ಹೆಸ್ರಿಗೆ ಸಾಲ ಬರ್ಸಿ, ಒಂದು ಪೇಟ ತಗಂಬರ್ರಿ."