ಕದರಮ್ಮನವರಿಗಿಂತ ಮೊದಲು

ಮರಳೂರಿನ ಮಹಾಲಿಂಗಯ್ಯ ಚಂದಾ ಕಟ್ಟಿ ತರಿಸುವ ವಾರಪತ್ರಿಕೆ ಪ್ರತಿ ಶುಕ್ರವಾರ ಮನೆಗೆ ಬೀಳುವ ಹೊತ್ತಿಗೆ ಅವರು ಕುಣಿಗಲ್ ಬಸ್ಸಿನಲ್ಲಿರುತ್ತಿದ್ದರು. ಸಂಜೆ ತಾಲ್ಲೂಕು ಕಚೇರಿಯಿಂದ ವಾಪಸಾಗಿ ಚಪ್ಪಲಿ ಬಿಡುವ ಮೊದಲೇ ಪಕ್ಕದ ಮನೆಯ ಕದರಮ್ಮ ಕಾಂಪೌಂಡಿನ ಮೇಲಿಂದ ಪತ್ರಿಕೆ ಹಿಂದಿರುಗಿಸುತ್ತಾ, "ಡಾಕ್ಟ್ರು ಅಲ್ವಂತೆ ಕಣಪ್ಪ, ಅವತ್ತು ಅವ್ನು ಊರಲ್ಲೇ ಇರ್ಲಿಲ್ವಂತೆ" ಎಂದು ಪತ್ತೇದಾರಿ ಧಾರಾವಾಹಿಯ ಆ ವಾರದ ಕಂತನ್ನು ಪೂರ್ತಿ ಒಪ್ಪಿಸಿಬಿಡುತ್ತಿದ್ದರು. ಹಿರಿಯರು, ಬೇಡವೆನ್ನಲು ಮಹಾಲಿಂಗಯ್ಯನವರಿಗೆ ನಾಲಿಗೆ ಏಳುತ್ತಿರಲಿಲ್ಲ.

ಇವತ್ತು ಕಡೆಯ ಕಂತು. ಕೊಲೆಗಾರ ಯಾರೆಂದು ಈ ಒಂದು ಸಲವಾದರೂ ತಾವೇ ಓದಿ ತಿಳಿಯಬೇಕು. ಅದೇ ಪತ್ರಿಕೆ ಈಗ ಇಂಟರ್‌ನೆಟ್ಟಿನಲ್ಲೂ ಬರುತ್ತದೆ, ಅದಕ್ಕೆ ಬೇರೆ ಚಂದಾ ಎಂದು ಕೇಳಿದ್ದರು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಸಹೋದ್ಯೋಗಿ ಪುಟ್ಟರಂಗಯ್ಯನ ಸಲಹೆ ಕೇಳಿದರು. ಅದೇ ತಪ್ಪಾಯಿತು.

"ಒಂದ್ ಕತೆಗೆ ಎರಡ್ ಸಲ ದುಡ್ಡಾ? ಪೇಪರ್ ಆದ್ರೆ ಹಳೇದಾದ್ಮೇಲೆ ತೂಕಕ್ಕೆ ಹಾಕ್ಬೋದು. ಕಂಪ್ಯೂಟರ್‌ನಲ್ಲಿ ಓದಿದ್ದನ್ನ ಯಾವ ತಕ್ಕಡಿಗೆ ಹಾಕ್ತೀರ ಸಾಮಿ?"

ಮಹಾಲಿಂಗಯ್ಯ ಕಟ್ಟೋಣವೆಂದು ಎದ್ದರು, ಬೇಡವೆಂದು ಕೂತರು, ಮತ್ತೆ ಎದ್ದರು. ಕೊನೆಗೆ ಮುಡಿ ಕೊಡಲು ಹೊರಟವರಂತೆ ಮನಸ್ಸು ಗಟ್ಟಿ ಮಾಡಿಕೊಂಡು, ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ವರ್ಷದ ಚಂದಾ ಕಟ್ಟಿಯೇಬಿಟ್ಟರು.

ಪುಟವೇನೋ ತೆರೆಯಿತು. ಆದರೆ ಕನ್ನಡದ ಬದಲು ಪರದೆಯ ತುಂಬ ಚೌಕಗಳು, ಕೊಂಕುಗಳು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಹಾಗೆ.

"ಫಾಂಟ್ ಇಲ್ಲ ಸಾರ್. ಒಂದ್ನಿಮಿಷ, ಹಾಕ್ಕೊಡ್ತೀನಿ" ಎಂದ ಸೆಂಟರಿನ ಗಂಗಾಧರ್.

ಆ ನಿಮಿಷ ಊಟದ ವಿರಾಮವನ್ನೆಲ್ಲ ನುಂಗಿತು. ಸಾಹೇಬರು ಹುಡುಕುತ್ತಿರಬಹುದೆಂದು ಮಹಾಲಿಂಗಯ್ಯ ಬೆವರುತ್ತಿದ್ದಾಗ ಅಕ್ಷರಗಳು ಮೂಡಿದವು. ಎಲ್ಲ ಸರಿಯಿದೆಯೇ ಎಂದು ನೋಡಲು ಗಂಗಾಧರ್ ನೇರವಾಗಿ ಪುಟದ ಬುಡಕ್ಕೆ ಹೋಗಿ ಗಟ್ಟಿಯಾಗಿ ಓದಿದ: "'ಕೊಂದವನು ಕಾಂಪೌಂಡರ್ ಕೃಷ್ಣಪ್ಪ.' ಒತ್ತಕ್ಷರ ಎಲ್ಲಾ ನೀಟಾಗವೆ ಸಾರ್. ಇನ್ನು ಆರಾಮಾಗಿ ಓದ್ಕಳಿ."

ಸಂಜೆ ಬಸ್ಸಿನಲ್ಲಿ ಮಹಾಲಿಂಗಯ್ಯನವರಿಗೆ ಇದ್ದ ಸಮಾಧಾನ ಒಂದೇ: ಇವತ್ತು ಕದರಮ್ಮ ಎಷ್ಟು ಬಾಯಿ ಬಿಟ್ಟರೂ ಕೆಡಲು ಏನೂ ಉಳಿದಿಲ್ಲ.

ಕದರಮ್ಮ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಕೈಯಲ್ಲಿ ಪತ್ರಿಕೆ, ಸುತ್ತಿದ ದಾರವನ್ನೂ ಬಿಚ್ಚಿರಲಿಲ್ಲ.

"ವಾರ ವಾರ ನಾನು ಹೇಳ್ಬುಟ್ಟು, ನಿನ್ ಮೊಕ ಸಪ್ಪಗಾಗೋದ ನೋಡಿದೀನಿ ಕಣಪ್ಪ. ಕಡೇದಾದ್ರೂ ನೀನೇ ಮೊದ್ಲು ಓದು ಅಂತ ಮುಟ್ಟಿಲ್ಲ. ಬೆಳಗ್ಗಿಂದ ಜೀವ ತಡ್ಕೊಂಡ್ ಕೂತಿದೀನಿ." ಅವರು ಹಿಂದೆಯೇ ಒಳಬಂದು ಜಗಲಿಯ ಕುರ್ಚಿ ಎಳೆದು ಎದುರಿಗೇ ಕೂತರು. "ಗಟ್ಟಿಯಾಗ್ ಓದು. ಯಾರು ಅಂತ ಗೊತ್ತಾದಾಗ ನಿನ್ ಮೊಕ ಹೆಂಗಾಯ್ತದೆ ನೋಡ್ಬೇಕು ನಾನು."

ಮಹಾಲಿಂಗಯ್ಯ ಮೆಲ್ಲಗೆ ದಾರ ಬಿಚ್ಚಿದರು. ಕೃಷ್ಣಪ್ಪನ ಹೆಸರು ಬರುವುದರೊಳಗೆ ಬೆಚ್ಚಿಬೀಳುವುದನ್ನು ಕಲಿಯಬೇಕಿತ್ತು.