ಇಲ್ಲದ ಕಾರಿನ ಬೆಲೆ

"ನನಗೆ ಟೋಪಿ ಹಾಕೋ ಗಂಡು ಇನ್ನೂ ಹುಟ್ಟಿಲ್ಲ!"

ಹೀಗೆಂದು ಎದೆಯುಬ್ಬಿಸಿದವರು ಕೊಟೇಶನ್ ಸಾಹೇಬರು. ಕಚೇರಿಯ ಖರೀದಿ ವಿಭಾಗಕ್ಕೆ ಅವರೇ ದೊರೆ. ಮೂರು ಕಡೆಯಿಂದ ಕೊಟೇಶನ್ ತರಿಸದೆ ಒಂದು ಗುಂಡುಪಿನ್ನನ್ನೂ ಕೊಂಡವರಲ್ಲ. ಗುಂಡುಪಿನ್ನು ಬರುವಷ್ಟರಲ್ಲಿ ಚುಚ್ಚಬೇಕಾದ ಕಾಗದಗಳೆಲ್ಲ ಫ್ಯಾನಿನ ಗಾಳಿಗೆ ಹಾರಿಹೋಗಿರುತ್ತಿದ್ದವು, ಆ ಮಾತು ಬೇರೆ. ಸಿಟ್ಟು ಬಂದಾಗ ಹೆಂಡತಿ ಕೂಡ ಅವರನ್ನು ಕರೆಯುತ್ತಿದ್ದದ್ದು ಈ ಬಿರುದಿನಿಂದಲೇ.

ಆಕೆ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿಗೆ ಹೋಗಲು ಎರಡು ಬಸ್ಸು ಹತ್ತಿಳಿಯಬೇಕು. ಬಸ್ಸಿನಲ್ಲೂ ನಿಂತೇ ಇರಬೇಕು, ವಾರ್ಡಿನಲ್ಲೂ ನಿಂತೇ ಇರಬೇಕು. ಸಂಜೆ ಮನೆಗೆ ಬಂದರೆ ಕಾಲು ಊದಿ ಚಪ್ಪಲಿ ಬಿಚ್ಚುವುದೇ ಕಷ್ಟ. ಹೀಗಿರುವಾಗ ನಿವೃತ್ತರಾಗಲಿದ್ದ ಹಲ್ಲಿನ ಡಾಕ್ಟರು ಆಕೆಯನ್ನು ಕರೆದು, "ಕಣ್ಣು ಮಂಜಾಗ್ತಿದೆ ಸಿಸ್ಟರ್, ಇನ್ನು ಓಡಿಸೋಕಾಗಲ್ಲ. ಎರಡು ಲಕ್ಷ ಕೊಟ್ಟು ನನ್ನ ಕಾರು ನೀವೇ ಇಟ್ಕೊಳ್ಳಿ" ಅಂದರು. ಆಕೆ ಕೂಡಿಟ್ಟದ್ದೂ ಅಷ್ಟೇ. ಊದಿದ ಕಾಲಲ್ಲೇ ಕುಣಿದುಕೊಂಡು ಮನೆಗೆ ಬಂದಳು.

"ಎರಡು ಲಕ್ಷ ನ್ಯಾಯವಾದ ಬೆಲೆ ಅಂತ ಯಾರು ಹೇಳಿದ್ರು?" ಸಾಹೇಬರ ಮೊದಲ ಪ್ರಶ್ನೆ.

"ಡಾಕ್ಟ್ರೇ ಹೇಳಿದ್ರು."

"ಮಾರೋರು ಹೇಳೋದು ಬೆಲೆ ಅಲ್ಲ ಕಣೇ, ಆಸೆ! ಮೂರು ಕೊಟೇಶನ್ ಬರಲಿ. ಅಲ್ಲೀತನಕ 'ನಮ್ಮನೆಯವರು ವಿಚಾರಿಸ್ತಿದಾರೆ' ಅಂತ ಹೇಳು."

"ರೀ, ಅಷ್ಟರಲ್ಲಿ ಕಾರು ಕೈತಪ್ಪಿ ಹೋದ್ರೆ?"

"ಹೋದ್ರೆ ಹೋಗ್ಲಿ, ಬಸ್ಸಿದೆಯಲ್ಲ!"

ಬಸ್ಸಿನಲ್ಲಿ ನಿಲ್ಲುವವರು ತಾವಲ್ಲವಾದ್ದರಿಂದ ಈ ಮಾತು ಸಲೀಸಾಗಿ ಬಂತು. ಅವರ ಲೆಕ್ಕಾಚಾರವೇ ಬೇರೆ. ದೊಡ್ಡ ಟೀವಿಗೆಂದು ಐವತ್ತು ಸಾವಿರ ಕೂಡಿಟ್ಟಿದ್ದರು. ನಡುಮನೆಯ ಗೋಡೆಯ ಮೇಲಿದ್ದ ಮದುವೆಯ ಫೋಟೋವನ್ನು ಅಡುಗೆಮನೆಗೆ ವರ್ಗ ಮಾಡಿ ಜಾಗವನ್ನೂ ತೆರವು ಮಾಡಿಸಿದ್ದರು. ಕಾರಿನಲ್ಲಿ ಒಂದಿಷ್ಟು ಉಳಿಸಿದರೆ ಟೀವಿ ಇನ್ನೂ ಒಂದು ಗೇಣು ಅಗಲವಾಗುತ್ತದಲ್ಲ!

ಆದರೆ ಕೊಟೇಶನ್ ಕೊಡುವವರು ಯಾರು? ಗ್ಯಾರೇಜಿನ ಮೆಕ್ಯಾನಿಕ್, "ಗಾಡಿ ನೋಡದೆ ಹೆಂಗೆ ಹೇಳ್ಲಿ ಸಾರ್?" ಅಂದ. ಬಾಮೈದ, "ನೀವು ಎಷ್ಟು ಅಂತೀರೋ ಅಷ್ಟು, ಭಾವ" ಅಂದ. ಅಂಥ ಹಳೆಯ ಕಾರು ಬೇರೆ ಯಾರೂ ಮಾರುತ್ತಿರಲಿಲ್ಲ. ಆಗ ಸಾಹೇಬರ ತಲೆಯಲ್ಲಿ ದೀಪ ಹೊತ್ತಿತು. ಅದೇ ಕಂಪನಿಯ, ಅದೇ ವರ್ಷದ ಕಾರು ಮಾರಾಟಕ್ಕಿದೆ, ಬೆಲೆ ಮೂರು ಲಕ್ಷ ಎಂದು ತಮ್ಮ ಫೋನ್ ನಂಬರ್ ಕೊಟ್ಟು ಪೇಪರಿನಲ್ಲಿ ಜಾಹೀರಾತು ಹಾಕಿಸಿಯೇಬಿಟ್ಟರು.

"ಇಲ್ಲದ ಕಾರು ಮಾರೋಕೆ ಹೊರಟಿದೀರಾ?" ಹೆಂಡತಿ ಹೌಹಾರಿದಳು.

"ಮಾರೋದಿಲ್ಲ ಕಣೇ! ಜನ ಎಷ್ಟಕ್ಕೆ ಕೇಳ್ತಾರೆ ಅಂತ ತಿಳ್ಕೊಳ್ಳೋದು ಅಷ್ಟೇ."

ಭಾನುವಾರ ಒಂದೇ ಒಂದು ಫೋನು ಬಂತು. ಸಾಹೇಬರು ದೊಡ್ಡ ವ್ಯಾಪಾರಿಯ ಹಾಗೆ ಗಂಟಲು ದಪ್ಪ ಮಾಡಿಕೊಂಡು, "ಹಲೋ!" ಅಂದರು.

"ಎರಡು ಲಕ್ಷಕ್ಕೆ ಕೊಡ್ತೀರಾ?" ಆ ಕಡೆಯದು ಮೆತ್ತನೆ ದನಿ.

ತಿಳಿಯಬೇಕಾದದ್ದು ತಿಳಿದಿತ್ತು, ಅಲ್ಲಿಗೇ ಫೋನ್ ಇಡಬಹುದಿತ್ತು. ಆದರೆ ತಮ್ಮ ಕಾರಿಗೆ ಯಾರೋ ಕಡಿಮೆ ಬೆಲೆ ಕೇಳಿದರಲ್ಲ! ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ ಮಾತು ಸ್ವಾಮಿ! ಹೊಸ ಕಾರಿನ ಬೆಲೆ ದಿನಾ ಇಳಿಯುತ್ತೆ. ಇದರದ್ದು ಇಳಿಯೋದೆಲ್ಲ ಇಳಿದು ಮುಗಿದಿದೆ, ಇನ್ನು ಇಳಿಯೋಕೆ ಜಾಗಾನೇ ಇಲ್ಲ!"

"ಗೀರುಗಳಿದ್ರೆ?"

"ಇರೋದೇ ಒಳ್ಳೇದು! ಮೊದಲನೇ ಗೀರು ಬಿದ್ದಾಗಿನ ಸಂಕಟ ಹಳೇ ಯಜಮಾನನೇ ಅನುಭವಿಸಿರ್ತಾನೆ, ನಿಮಗೆ ಆ ನೋವಿಲ್ಲ."

ಆ ಕಡೆಯವರು ತಲೆದೂಗಿದರೆಂದು ಕಾಣುತ್ತದೆ. "ಹಾಗಾದ್ರೆ ಎರಡೂವರೆ?"

"ಎರಡೂವರೆಗೆ ಆಗಲೇ ಅಡ್ವಾನ್ಸ್ ಬಂದಾಯ್ತು!" ಎಂದು ಸಾಹೇಬರು ಫೋನ್ ಇಟ್ಟರು. ಊಟದ ಹೊತ್ತಿಗೆ ಈ ವಾಗ್ಯುದ್ಧವನ್ನು ಹೆಂಡತಿಯ ಮುಂದೆ ಎರಡು ಸಲ ಅಭಿನಯಿಸಿ ತೋರಿಸಿದರು. "ಕೇಳ್ದೆಯಾ? ಜನ ಎರಡೂವರೆ ಕೊಡೋಕೆ ರೆಡಿ ಇದಾರೆ. ಡಾಕ್ಟ್ರು ಹೇಳಿದ ಎರಡು ಲಕ್ಷ ಬಿಟ್ಟಿ ಸಿಕ್ಕ ಹಾಗೆ. ನಡಿ!"

ಡಾಕ್ಟರು ತಮ್ಮ ಮನೆಯ ಗೇಟಿನಲ್ಲೇ ಕಾದಿದ್ದು, "ಬನ್ನಿ, ಬನ್ನಿ" ಅಂದರು. ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದು ಸಾಹೇಬರಿಗೆ ಒಂದು ಗಳಿಗೆ ಅನ್ನಿಸಿತು.

"ತಪ್ಪು ತಿಳೀಬೇಡಿ ಸಿಸ್ಟರ್, ಎರಡೂವರೆ ಲಕ್ಷ ಆಗುತ್ತೆ" ಎಂದರು ಡಾಕ್ಟರು.

ಆಕೆಯ ಮುಖ ಬಾಡಿಹೋಯಿತು. "ಅಷ್ಟು ನನ್ನ ಹತ್ರ ಇಲ್ಲ ಡಾಕ್ಟ್ರೇ."

ಸಾಹೇಬರು ಮುಂದೆ ಬಂದರು. "ಹಳೇ ಕಾರು, ಬೆಲೆ ಇಳೀಬೇಕಲ್ವೇ ಡಾಕ್ಟ್ರೇ?"

"ಇಳಿಯೋದೆಲ್ಲ ಇಳಿದು ಮುಗಿದಿದೆ. ಇನ್ನು ಇಳಿಯೋಕೆ ಜಾಗಾನೇ ಇಲ್ಲ!"

ಸಾಹೇಬರು ಕಾರಿನ ಬಾಗಿಲ ಮೇಲೆ ಬೆರಳಿಟ್ಟರು. "ಅಲ್ಲ... ಇಲ್ಲೊಂದು ಗೀರು..."

"ಇರೋದೇ ಒಳ್ಳೇದು! ಆ ಸಂಕಟ ನಾನು ಅನುಭವಿಸಿ ಆಗಿದೆ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ನಿಮ್ಮವರು ವಿಚಾರಿಸ್ತಿದಾರೆ ಅಂದ್ರಲ್ಲ, ನಾನೂ ವಿಚಾರಿಸೋಣ ಅಂತ ಕೊಳ್ಳೋನ ಹಾಗೆ ಒಂದು ಜಾಹೀರಾತಿಗೆ ಫೋನ್ ಮಾಡ್ದೆ" ಡಾಕ್ಟರು ಮುಗ್ಧವಾಗಿ ಹೇಳಿದರು. "ಎಂಥಾ ತಿಳಿದ ಮನುಷ್ಯ ಅಂತೀರಿ! ಕಣ್ಣು ತೆರೆಸಿಬಿಟ್ರು."

"ಏನಾದ್ರೂ ಹೇಳ್ರೀ, ಕೊಟೇಶನ್ ಸಾಹೇಬ್ರೇ" ಎಂದಳು ಹೆಂಡತಿ.

ಜಾಹೀರಾತಿನ ಕಾರು ಸುಳ್ಳು ಅನ್ನಬೇಕು, ಇಲ್ಲವೇ ಎರಡೂವರೆ ಕೊಡಬೇಕು. ಮಾನವೋ ಟೀವಿಯೋ! ಸಾಹೇಬರು ಹೆಂಡತಿಯ ಊದಿದ ಕಾಲು ನೋಡಿದರು, ಆಕೆಯ ಕಣ್ಣು ನೋಡಿದರು, ತಮ್ಮ ಐವತ್ತು ಸಾವಿರ ತಂದು ಸೇರಿಸಿದರು. ಕಾಗದಪತ್ರಕ್ಕೆ ಸಹಿ ಬಿತ್ತು. ಹೆಂಡತಿ ಸ್ಟೇರಿಂಗ್ ಮುಂದೆ ಕೂತಳು. ಅಂದು ಮೊದಲ ಸಲ ಆಕೆಯ ಚಪ್ಪಲಿ ಸುಲಭವಾಗಿ ಕಾಲಿನಿಂದ ಜಾರಿತು.

"ಒಂದ್ನಿಮಿಷ ಸಿಸ್ಟರ್" ಡಾಕ್ಟರು ಫೋನನ್ನು ಮೂಗಿನ ಹತ್ತಿರ ಹಿಡಿದು ಗುಂಡಿ ಒತ್ತಿದರು. "ಆ ಪುಣ್ಯಾತ್ಮರಿಗೆ ಒಂದು ಥ್ಯಾಂಕ್ಸ್ ಹೇಳಿಬಿಡ್ತೀನಿ."

ಪಕ್ಕದ ಸೀಟಿನಲ್ಲಿ ಕೂತಿದ್ದ ಸಾಹೇಬರ ಜೇಬು ಜೋರಾಗಿ ಹಾಡತೊಡಗಿತು.

ಹೆಂಡತಿ ಕಾರು ಸ್ಟಾರ್ಟ್ ಮಾಡುತ್ತಾ, ಅವರ ಕಡೆ ತಿರುಗದೆಯೇ ಹೇಳಿದಳು:

"ಎತ್ತಿ ಮಾತಾಡ್ರೀ. ನಿಮ್ಮ ಟೀವಿ ಫೋನ್ ಮಾಡ್ತಿದೆ."